ಕುಲುಮೆ ದೊಡ್ಡದಾದರೆ ಕಮ್ಮಾರ ದೊಡ್ಡವನೇ?

ಅಲಿಪುರದ ಕಡೆ ಇರುವ ನಮ್ಮ ಕಾರ್ಮಿಕ ಬಂಧುಗಳ ನಡುವೆ ಈಚೆಗೆ ಒಂದು ವಾದ ಎದ್ದಿದೆ. ಅಲಿಪುರ ಎಂದೊಡನೆ ಊರಿನವರು ಗೌರಿಬಿದನೂರಿನ ಹತ್ತಿರದ, ಹರಳು ಸಾಣೆ ಹಿಡಿಯುವ ಅಲಿಪುರವೆಂದು ತಿಳಿಯಬಾರದು. ನಾವು ಹೇಳುತ್ತಿರುವುದು ಕಲ್ಕತ್ತೆಯ ಅಲಿಪುರ. (ಸರ್ಕಾರಿ ಕಾಗದದಲ್ಲಿ ಈ ನಗರ 2001ರಿಂದ ಕೊಲ್ಕತ್ತವಾಗಿದೆ, ನಮ್ಮ ಬಾಯಿಗೆ ಇನ್ನೂ ಕಲ್ಕತ್ತೆಯೇ.) ಹೋಟೆಲಿನ ಪಾಳಿ ಮುಗಿಸಿ ಬರುವ, ಗಿರಣಿಯ ಶಿಫ್ಟು ಇಳಿದು ಬರುವ ಕೆಲವು ತರುಣರು ಒಟ್ಟುಗೂಡಿ ಕಮ್ಮಾರಿಕೆ ಕಲಿಯಬೇಕು, ಅದಕ್ಕೆ ಬೇಕಾದ ಅನಿಲದ ಕುಲುಮೆಯನ್ನು ತಾವೇ ಕಟ್ಟಿಕೊಳ್ಳಬೇಕು ಎಂದು ಹೊರಟಿದ್ದಾರೆ. ಇದು ಸಂತೋಷದ ವಿಷಯ. ಆದರೆ ಯಾವ ಮಾದರಿಯ ಕುಲುಮೆ ಎಂಬಲ್ಲಿಗೆ ಬರುವಷ್ಟರಲ್ಲಿ ಮೂರು ಪಂಗಡಗಳಾಗಿವೆ. ಒಬ್ಬರಿಗೆ ದೊಡ್ಡ ಡ್ರಮ್ಮು ಬೇಕು. ಇನ್ನೊಬ್ಬರು ಅಮೆರಿಕದ ಚಿತ್ರವೊಂದನ್ನು ಹಿಡಿದುಕೊಂಡು ಅದರಂತೆಯೇ ಆಗಬೇಕೆನ್ನುತ್ತಾರೆ. ಮೂರನೆಯವರು "ಖರ್ಚು ಎಷ್ಟು ಕಡಿಮೆಯೋ ಅಷ್ಟು ಒಳ್ಳೆಯದು, ಸಿಲಿಂಡರು ಮನೆಯದೇ ಇದೆಯಲ್ಲ" ಎನ್ನುತ್ತಾರೆ.

ನಾವು ಈ ವಾದದಲ್ಲಿ ಮಧ್ಯಸ್ಥರಂತೆ ನಟಿಸುವವರಲ್ಲ. ನಮಗೂ ಒಂದು ಪಕ್ಷವಿದೆ. ಚಿಕ್ಕ ಕುಲುಮೆ, ಹಗುರ ಇಟ್ಟಿಗೆಯದು, ಕಿರಿದಾದ ಬಾಯಿಯದು, ಬ್ಲೋವರಿಲ್ಲದ ಒಂದೇ ಬರ್ನರಿನದು, ತೆರೆದ ಚಪ್ಪರದ ಕೆಳಗೆ, ನ್ಯಾಯವಾದ ಸಿಲಿಂಡರಿನಿಂದ ಉರಿಯುವಂಥದು: ಇದು ನಮ್ಮ ಪಕ್ಷ. ಇದನ್ನು ಬಿಟ್ಟು ಬೇರೆ ಯಾವುದನ್ನು ಕಟ್ಟಿದರೂ ನಷ್ಟಪಡುವವರು ನಮ್ಮ ಹುಡುಗರೇ ಎಂಬುದನ್ನು ಲೆಕ್ಕ ಹಾಕಿ ತೋರಿಸುತ್ತೇವೆ.

ಮೊದಲು ಒಂದು ಮಾತನ್ನು ಬೇಗ ಮುಗಿಸಿಬಿಡೋಣ. "ಹೋಟೆಲಿನಲ್ಲಿ ದುಡಿಯುವವನ ಮಗ ಕಮ್ಮಾರನಾಗುವುದೇ? ಅದು ಬೇರೆ ಜಾತಿಯವರ ಕಸುಬಲ್ಲವೇ?" ಎಂದು ಮೂಗು ಮುರಿಯುವ ಹಿರಿಯರು ನಮ್ಮಲ್ಲಿ ಇನ್ನೂ ಇದ್ದಾರೆ. ಸ್ವಾಮಿ, ತಾವು ಎಂಜಲು ಎಲೆ ಎತ್ತಿದಾಗ ಅದು ಯಾರ ಜಾತಿಯ ಕಸುಬೆಂದು ಕೇಳಿದಿರಾ? ನಾವು ಕಮ್ಮಾರ ಎನ್ನುವವನನ್ನು ಬಂಗಾಳಿಗರು ಕಾಮಾರ್ ಎನ್ನುತ್ತಾರೆ. ಎರಡೂ ಒಂದೇ ಮಾತಿನ ಮಕ್ಕಳು. ಹೂಗ್ಲಿಯ ದಡದ ಗಿರಣಿಯೂರು ಕಾಮಾರ್‌ಹಾಟಿಯ ಹೆಸರಿನಲ್ಲೇ ಕಮ್ಮಾರ ಕುಳಿತಿದ್ದಾನೆ. ನಮ್ಮೂರಿನಲ್ಲಿ ನವರಾತ್ರಿಯ ಆಯುಧ ಪೂಜೆಗೆ ಸುತ್ತಿಗೆಗೆ ಕುಂಕುಮವಿಟ್ಟರೆ, ಇಲ್ಲಿ ಸೆಪ್ಟೆಂಬರ್ 17ರ ಆಸುಪಾಸಿನಲ್ಲಿ ಬರುವ ವಿಶ್ವಕರ್ಮ ಪೂಜೆಯ ದಿನ ಕಾರ್ಖಾನೆ ಕಾರ್ಖಾನೆಯಲ್ಲೂ ಯಂತ್ರಕ್ಕೆ ಹೂವು, ಆಕಾಶದ ತುಂಬ ಗಾಳಿಪಟ. ಆ ದಿನ ಪ್ರಸಾದ ತಿನ್ನಲು ಮುಂದಾಗುವವರು ಮರುದಿನ ಕಸುಬನ್ನು ಹೀಯಾಳಿಸಕೂಡದು.

ಇದ್ದಿಲಿನ ಕುಲುಮೆಯ ಪಕ್ಷದ ಹಿರಿಯರ ಮಾತು ಬೇರೆ. ಅವರಿಗೆ ಉತ್ತರ ಕೊಡಬೇಕಾದುದು ನ್ಯಾಯ. ತಿದಿಯೊತ್ತಿ ಇದ್ದಿಲು ಊದಿ ಕಬ್ಬಿಣ ಕಾಯಿಸಿದ ನಾಡು ನಮ್ಮದು. 1923ರಲ್ಲಿ ಭದ್ರಾವತಿಯಲ್ಲಿ ಉರಿ ಹಚ್ಚಿದ ದೊಡ್ಡ ಊದುಕುಲುಮೆಯೂ ಮಲೆನಾಡಿನ ಕಾಡಿನ ಇದ್ದಿಲಿನಿಂದಲೇ ನಡೆಯಿತು. ಕಲ್ಕತ್ತೆಗೆ ಇದ್ದಿಲಿಗಿಂತ ಕಲ್ಲಿದ್ದಲು ಹತ್ತಿರ. 1774ರಷ್ಟು ಹಿಂದೆಯೇ ಗಣಿ ಕೆಲಸ ಆರಂಭವಾದ ರಾಣಿಗಂಜ್ ಇಲ್ಲಿಂದ ದೂರವೇನಲ್ಲ. ಕಲ್ಲಿದ್ದಲ ಬೆಂಕಿಯಲ್ಲಿ ಉದ್ದನೆಯ ಸರಳಿನ ನಟ್ಟನಡುವೆ ಮಾತ್ರ ಕಾವು ಕೊಡಬಹುದು, ಬಳ್ಳಿಯಂತೆ ಬಗ್ಗಿದ ಕೆಲಸವನ್ನು ಹಾಗೆಯೇ ಬೆಂಕಿಯ ಮೇಲಿಡಬಹುದು. ಅನಿಲದ ಪೆಟ್ಟಿಗೆಯಲ್ಲಿ ಅದಾಗುವುದಿಲ್ಲ ಎಂಬುದನ್ನು ನಾವು ಒಪ್ಪುತ್ತೇವೆ. ಆದರೆ ವಠಾರಗಳ ನಡುವೆ, ಮಕ್ಕಳು ಆಡುವ ಗಲ್ಲಿಯ ಬದಿಯಲ್ಲಿ, ಕಲ್ಲಿದ್ದಲ ಹೊಗೆಯನ್ನು ದಿನಾ ಸಂಜೆ ಬಿಡಲು ಯಾರು ಒಪ್ಪುತ್ತಾರೆ? ಬೂದಿ ಕೆದಕುತ್ತ, ಕಿಟ್ಟ ತೆಗೆಯುತ್ತ ಅರ್ಧ ಗಂಟೆ ಕಳೆದರೆ, ಪಾಳಿಯ ನಡುವೆ ಸಿಗುವ ಎರಡು ಗಂಟೆಯಲ್ಲಿ ಉಳಿದದ್ದೆಷ್ಟು? ಕಲಿಯುವವನಿಗೆ ಅನಿಲವೇ ಸರಿ. ತಿರುಗಿಸಿದರೆ ಉರಿ, ಮುಚ್ಚಿದರೆ ನಿಲುಗಡೆ. ಇಂಡೇನ್ ಅನಿಲದ ಮೊಟ್ಟಮೊದಲ ಸಂಪರ್ಕವನ್ನು 1965ರ ಅಕ್ಟೋಬರ್ 22ರಂದು ಕೊಟ್ಟದ್ದು ಇದೇ ಕಲ್ಕತ್ತೆಯಲ್ಲಿ. ಅಡಿಗೆಯವರು ಅಂದಿನಿಂದ ಅದನ್ನು ಪಳಗಿಸಿಕೊಂಡಿದ್ದಾರೆ. ಈಗ ಕಬ್ಬಿಣಕ್ಕೆ ಪಳಗಿಸಬೇಕು.

ಇನ್ನು ಡ್ರಮ್ಮಿನ ಪಂಗಡಕ್ಕೆ ಬರೋಣ.

ಇವರ ವಾದ ಕೇಳಲು ಸೊಗಸಾಗಿದೆ: ಎಣ್ಣೆಯ ಹಳೆಯ ಡ್ರಮ್ಮೊಂದನ್ನು ತಂದು, ಒಳಗೆ ಬಾಯ್ಲರಿಗೆ ಹಾಕುವ ಗಟ್ಟಿ ಬೆಂಕಿ ಇಟ್ಟಿಗೆ ಜೋಡಿಸಿ, ಎರಡು ಮೂರು ಬರ್ನರು ಸಿಕ್ಕಿಸಿಬಿಟ್ಟರೆ ನಾಲ್ಕು ಜನ ಒಟ್ಟಿಗೆ ಕೆಲಸ ಮಾಡಬಹುದು, ದೊಡ್ಡ ಕೆಲಸ ಹಿಡಿಯಬಹುದು. ಕುಲುಮೆ ದೊಡ್ಡದಾದಷ್ಟೂ ಕಮ್ಮಾರ ದೊಡ್ಡವನು!

ಲೆಕ್ಕ ನೋಡಿ. ಒಂದು ಕಿಲೋ ಅಡಿಗೆ ಅನಿಲ ಪೂರ್ತಿ ಉರಿದರೆ ಹುಟ್ಟುವ ಶಾಖ ಸುಮಾರು 11,000 ಕಿಲೋ ಕ್ಯಾಲೊರಿ. ಒಂದು ಕಿಲೋ ಕಬ್ಬಿಣವನ್ನು ಬಡಿಯುವ ಹದಕ್ಕೆ, ಅಂದರೆ ಕಿತ್ತಳೆ ದಾಟಿ ಹಳದಿಗೆ ತಿರುಗುವ 1,200 ಡಿಗ್ರಿಗೆ ತರಲು ಬೇಕಾದುದು ಸುಮಾರು 200 ಮಾತ್ರ. ಕಾಗದದ ಮೇಲೆ ಒಂದು ಕಿಲೋ ಅನಿಲಕ್ಕೆ 50 ಕಿಲೋಗಿಂತ ಹೆಚ್ಚು ಕಬ್ಬಿಣ ಕಾಯಬೇಕು! ಕೈಕೆಲಸದ ಕಮ್ಮಾರ ಅಷ್ಟು ಅನಿಲದಲ್ಲಿ ಕಾಯಿಸುವುದು ಕೆಲವೇ ಕಿಲೋ. ಉಳಿದ ಶಾಖವೆಲ್ಲ ಎಲ್ಲಿಗೆ ಹೋಯಿತು? ಸ್ವಲ್ಪ ಗೋಡೆಗೆ ಹೋಯಿತು, ಬಹಳಷ್ಟು ಬಾಯಿಯಿಂದ ಹೊರಗೆ ಹೋಯಿತು. ನಾವು ದುಡ್ಡು ಕೊಟ್ಟು ಕೊಂಡ ಅನಿಲದಲ್ಲಿ ಅಲಿಪುರದ ಗಾಳಿಯನ್ನು ಕಾಯಿಸಿದೆವು. ಜ್ಯೇಷ್ಠ ಮಾಸದ ಕಲ್ಕತ್ತೆಗೆ ಆ ಉಪಕಾರ ಬೇಕಾಗಿಲ್ಲ.

ಬಾಯಿಯ ಮಾತನ್ನೇ ತೆಗೆದುಕೊಳ್ಳಿ. ಬೆಳ್ಳಗೆ ಕಾದ ಗುಹೆಯ ಬಾಯಿಂದ ಶಾಖ ಬೆಳಕಿನಂತೆ ಹೊರಕ್ಕೆ ಚಿಮ್ಮುತ್ತದೆ. ಒಳಗೆ 1,250 ಡಿಗ್ರಿ ಇದ್ದಾಗ ನಾಲ್ಕಿಂಚು ಚದರದ ಬಾಯಿಂದ ಹೀಗೆ ಹೋಗುವುದು ಸುಮಾರು 3 ಕಿಲೋವಾಟು, ಅಂದರೆ ಸ್ನಾನದ ನೀರು ಕಾಯಿಸುವ 2 ಕಿಲೋವಾಟಿನ ಗೀಸರು ಒಂದೂವರೆ. ಬಾಯಿಯನ್ನು ಎಂಟಿಂಚು ಚದರ ಮಾಡಿದರೆ ಇದು ನಾಲ್ಕು ಪಟ್ಟಾಗಿ 12 ಕಿಲೋವಾಟಾಗುತ್ತದೆ. ಗಂಟೆಗೆ ಒಂದು ಕಿಲೋ ಅನಿಲ ಕುಡಿಯುವ ಬರ್ನರು ಕೊಡುವ ಶಾಖವೆಲ್ಲ ಸೇರಿ ಸುಮಾರು 13 ಕಿಲೋವಾಟು! ಎಂದರೆ ಡ್ರಮ್ಮಿನ ದೊಡ್ಡ ಬಾಯಿಗಾಗಿಯೇ ಒಂದು ಬರ್ನರು ಬೇರೆ ಇಡಬೇಕಾಯಿತು. ಇಡ್ಲಿ ಅಟ್ಟದ ಮುಚ್ಚಳ ತೆಗೆದಿಟ್ಟು ಇಡ್ಲಿ ಬೇಯಿಸಲು ಹೊರಟವನನ್ನು ನಮ್ಮ ಅಡಿಗೆ ಭಟ್ಟರು ಸುಮ್ಮನೆ ಬಿಡುತ್ತಾರೆಯೇ?

ಗಟ್ಟಿ ಇಟ್ಟಿಗೆಯ ದೋಷ ಮತ್ತೊಂದು. ಅದು ಗಟ್ಟಿ ಎಂಬುದು ನಿಜ, ಬಾಳಿಕೆ ಬರುತ್ತದೆಂಬುದೂ ನಿಜ. ಹಗಲು ರಾತ್ರಿ ಆರದೆ ಉರಿಯುವ ಬಾಯ್ಲರಿಗೆ ಅದೇ ಸರಿ. ಆದರೆ ನಮ್ಮದು ಎರಡು ಗಂಟೆಯ ಕುಲುಮೆ. ಗಟ್ಟಿ ಇಟ್ಟಿಗೆ ಒಂದೊಂದೂ ಮೂರೂವರೆ ನಾಲ್ಕು ಕಿಲೋ ತೂಗುತ್ತದೆ. ಹನ್ನೆರಡು ಇಟ್ಟಿಗೆಯ ಗೂಡೆಂದರೆ ಮಣದ ಮೇಲೆ. ಅಷ್ಟು ಭಾರ ಕಾಯುವುದಕ್ಕೇ ಅರ್ಧ ಕಿಲೋಗಿಂತ ಹೆಚ್ಚು ಅನಿಲ ಬೇಕು, ಒಂದು ಗಂಟೆಯೂ ಹೋಗುತ್ತದೆ. ಗೂಡು ಕಾಯುವ ಹೊತ್ತಿಗೆ ಹುಡುಗನ ರಾತ್ರಿ ಪಾಳಿಯ ಗಂಟೆ ಬಾರಿಸುತ್ತದೆ. ಹಗುರ ಇಟ್ಟಿಗೆ ಹಾಗಲ್ಲ. ಅದರ ಒಡಲ ತುಂಬ ಸಣ್ಣ ಸಣ್ಣ ಗಾಳಿಗುಳ್ಳೆ, ಹದವಾಗಿ ಹುದುಗಿದ ದೋಸೆಯಂತೆ. ಗಟ್ಟಿ ಇಟ್ಟಿಗೆಯ ಮೂರನೆಯ ಒಂದು ಪಾಲಿನಷ್ಟೇ ತೂಗಿ, ಶಾಖ ಹಾಯಲು ಬಿಡುವುದರಲ್ಲಿ ಅದಕ್ಕಿಂತ ಎಷ್ಟೋ ಜಿಪುಣ. ಹತ್ತು ಹದಿನೈದು ನಿಮಿಷದಲ್ಲಿ ಒಳಮೈ ಕೆಂಪಾಗುತ್ತದೆ.

ಅಲಿಪುರದ ಟಂಕಸಾಲೆಗೆ, ಅದು 1952ರಲ್ಲಿ ಉದ್ಘಾಟನೆಯಾದದ್ದು, ದೊಡ್ಡ ಕುಲುಮೆ ಬೇಕು. ಅದು ದೇಶಕ್ಕೆ ನಾಣ್ಯ ಹೊಡೆಯುವ ಜಾಗ. ಬಾಗಿಲ ಚಿಲಕ, ಉಳಿ, ಇಕ್ಕಳ, ಅಡಿಗೆಮನೆಯ ಸಟ್ಟುಗ ಬಡಿಯುವವರಿಗೆ ಟಂಕಸಾಲೆಯ ಸಡಗರ ಏತಕ್ಕೆ?

"ಇಂಧನ ಬದಲಾದರೆ ಸಾಕು, ಗೂಡು ಹೇಗಿದ್ದರೇನು" ಎನ್ನುವವರು ಫಿರೋಜಾಬಾದಿನ ಬಳೆಗಾರರನ್ನು ಕೇಳಲಿ. ತಾಜಮಹಲಿನ ರಕ್ಷಣೆಗಾಗಿ ಸುಪ್ರೀಂ ಕೋರ್ಟು 1996ರ ಡಿಸೆಂಬರಿನಲ್ಲಿ ಕಲ್ಲಿದ್ದಲು ಬಿಡಿ ಎಂದು ತೀರ್ಪು ಕೊಟ್ಟ ಮೇಲೆ ಅಲ್ಲಿನ ಗಾಜಿನ ಕುಲುಮೆಗಳು ನೈಸರ್ಗಿಕ ಅನಿಲಕ್ಕೆ ಹೊರಳಿದವು. ಹಳೆಯ ಕಲ್ಲಿದ್ದಲ ಗೂಡಿಗೇ ಅನಿಲದ ಬರ್ನರು ಸಿಕ್ಕಿಸಿ ನಡೆಸಿದವರ ಅನಿಲ ಚಿಮಣಿಯಲ್ಲಿ ಹಾರಿಹೋಯಿತು. ಹೊರಹೋಗುವ ಬಿಸಿಯಿಂದಲೇ ಒಳಬರುವ ಗಾಳಿಯನ್ನು ಕಾಯಿಸುವಂತೆ ಗೂಡನ್ನೇ ಹೊಸದಾಗಿ ರೂಪಿಸಿದ ಮೇಲೆ ಖರ್ಚು ಇಳಿಯಿತು. ನದಿಯಾಚೆಯ ನಮ್ಮ ಹೌರಾದಲ್ಲೂ ಇದೇ ಪಾಠ: 1998ರಲ್ಲಿ ಅಲ್ಲಿನ ಎರಕದ ಕಾರ್ಖಾನೆಯೊಂದರಲ್ಲಿ ಗಾಳಿಯನ್ನು ಎರಡು ಸಾಲು ಕಂಡಿಯಿಂದ ಊದುವ ಕುಪೋಲ ಕಟ್ಟಿ ತೋರಿಸಿದರು. ಇಂಧನ ಅದೇ ಕೋಕು, ಕೆಲಸಗಾರರು ಅವರೇ. ಗಾಳಿಯ ದಾರಿ ಬದಲಾದದ್ದಕ್ಕೆ ಕೋಕು ಉಳಿಯಿತು. ಇಷ್ಟು ಹತ್ತಿರದಲ್ಲಿ ಇಷ್ಟು ಸ್ಪಷ್ಟವಾದ ನಿದರ್ಶನವಿರುವಾಗ ಡ್ರಮ್ಮಿನ ಗಾತ್ರಕ್ಕೆ ಮರುಳಾಗುವುದು ಏಕೆಂದು ನಮಗೆ ತಿಳಿಯದು.

ಇನ್ನು ಅಮೆರಿಕದ ಚಿತ್ರ. ಆ ಚಿತ್ರದಲ್ಲಿರುವುದು ಒಂದು ಕೊಳವೆ, ಅದರೊಳಗೆ ಬಿಳಿಯ ಉಣ್ಣೆಯಂಥ ಹೊದಿಕೆ. ಅದನ್ನು ಸೆರಾಮಿಕ್ ನಾರು ಎನ್ನುತ್ತಾರೆ. ಅದರ ಗುಣವನ್ನು ಮುಚ್ಚಿಡುವುದು ಅನ್ಯಾಯ: ಹತ್ತಿಯಂತೆ ಹಗುರ, ಐದು ನಿಮಿಷದಲ್ಲಿ ಕಾವು, ಇಟ್ಟಿಗೆಗಿಂತಲೂ ಕಡಿಮೆ ಅನಿಲ. ಗುಣವನ್ನು ಮಾತ್ರ ನೋಡಿದರೆ ನಾವೂ ಆ ಪಕ್ಷಕ್ಕೇ ಸೇರುತ್ತಿದ್ದೆವು. ಆದರೆ ಆ ಉಣ್ಣೆಯ ಎಳೆ ಮುರಿದು ಗಾಳಿಯಲ್ಲಿ ತೇಲುತ್ತದೆ, ಉಸಿರಿನೊಡನೆ ಎದೆಗಿಳಿಯುತ್ತದೆ. ಕ್ಯಾನ್ಸರ್ ಸಂಶೋಧನೆಯ ಅಂತರರಾಷ್ಟ್ರೀಯ ಸಂಸ್ಥೆ ಅದನ್ನು ಮನುಷ್ಯನಿಗೆ ಕ್ಯಾನ್ಸರ್ ತರಬಹುದಾದ ವಸ್ತುಗಳ ಪಟ್ಟಿಯಲ್ಲಿ ಇಟ್ಟಿದೆ. ಸಾವಿರ ಡಿಗ್ರಿ ಮೀರಿದ ಕಾವಿನಲ್ಲಿ ಬಹಳ ಕಾಲ ಬೆಂದ ನಾರಿನಲ್ಲಿ ಹರಳುಗಟ್ಟಿದ ಸಿಲಿಕಾ ಹುಟ್ಟುತ್ತದೆ. ಅದರ ಧೂಳನ್ನಂತೂ ಇದೇ ಸಂಸ್ಥೆ 1997ರಲ್ಲೇ ನಿಶ್ಚಯವಾಗಿ ಕ್ಯಾನ್ಸರ್ ತರುವುದೆಂದು ಹೇಳಿದೆ. ಗಟ್ಟಿಗೊಳಿಸುವ ದ್ರವ ಸಿಂಪಡಿಸಿ, ಮೇಲೆ ಬೆಂಕಿ ಸಿಮೆಂಟಿನ ಲೇಪ ಬಳಿದು, ಲೇಪ ಬಿರಿದಾಗಲೆಲ್ಲ ಮತ್ತೆ ಬಳಿದು, ಸರಿಯಾದ ಮುಖವಾಡ ಧರಿಸಿದರೆ ಅಪಾಯ ಬಹಳ ಮಟ್ಟಿಗೆ ಇಳಿಯುತ್ತದೆ. ಚಿತ್ರ ಬರೆದವನಿಗೆ ಮನೆಯಿಂದ ಐವತ್ತು ಗಜ ದೂರದಲ್ಲಿ ಬೇರೆ ಷೆಡ್ಡಿದೆ. ಅವನು ಕೆಲಸ ಮುಗಿಸಿ ಬಾಗಿಲು ಹಾಕಿಕೊಂಡು ಮನೆಗೆ ಹೋಗುತ್ತಾನೆ.

ನಮ್ಮವನು ಎಲ್ಲಿಗೆ ಹೋಗುತ್ತಾನೆ? ಹೋಟೆಲಿನ ಹುಡುಗ ಕೆಲಸ ಮಾಡಿದ ಜಾಗದಲ್ಲೇ ಹಾಸಿಕೊಂಡು ಮಲಗುವವನು. ಕುಲುಮೆಯ ಷೆಡ್ಡು ಒಂದು ಸಿದ್ಧವಾಯಿತೆಂದರೆ ವಾರದೊಳಗೆ ಅಲ್ಲಿ ಎರಡು ಚಾಪೆ ಬೀಳುತ್ತವೆ ಎಂಬುದು ನಮಗೆ ಗೊತ್ತಿಲ್ಲವೇ? ಮಲಗಬಾರದೆಂದು ಹಲಗೆ ಬರೆದು ತೂಗುಹಾಕಬಹುದು. ಬೇರೆ ಜಾಗ ಕೊಡದೆ ತೂಗುಹಾಕಿದ ಹಲಗೆಗೆ ಅರ್ಥವೇನು? ಹತ್ತಿ ಗಿರಣಿಯ ಧೂಳು ಎದೆಗೆ ಏನು ಮಾಡುತ್ತದೆಂಬುದನ್ನು, ಬಿಸಿನೋಸಿಸ್ ಎಂದರೆ ಏನೆಂಬುದನ್ನು, ಗಿರಣಿಯ ಬಂಧುಗಳಿಗೆ ನಾವು ಹೇಳಬೇಕಾಗಿಲ್ಲ. ಮಾಲೀಕರ ಧೂಳಿಗೆ ಹೋರಾಡಿದವರು ನಾವೇ ಕಟ್ಟಿದ ಕುಲುಮೆಯ ಧೂಳಿಗೆ ಸುಮ್ಮನಿರುವುದು ಹೇಗೆ? ಆದ್ದರಿಂದ ಐದು ನಿಮಿಷದ ಕಾವು ಹೋದರೆ ಹೋಗಲಿ, ನಾರು ಬೇಡ, ಇಟ್ಟಿಗೆಯೇ ಇರಲಿ. ಇಟ್ಟಿಗೆಯ ಧೂಳೂ ಅಮೃತವಲ್ಲ. ಕೊಯ್ಯುವಾಗ ನೀರು ಚಿಮುಕಿಸಿ, ಮುಖವಾಡ ಹಾಕಿ, ಹೊರಗೆ ಕುಳಿತು ಕೊಯ್ಯಬೇಕು. ಆದರೆ ಅದು ಒಂದು ದಿನದ ಕೆಲಸ. ಆಮೇಲೆ ಇಟ್ಟಿಗೆ ತನ್ನ ಪಾಡಿಗೆ ತಾನು ಇರುತ್ತದೆ. ಬಿರಿದರೆ ಒಂದನ್ನು ತೆಗೆದು ಇನ್ನೊಂದನ್ನು ಇಟ್ಟರಾಯಿತು.

ಕೊಳ್ಳುವಾಗ ದರ್ಜೆ ಕೇಳಿ ಕೊಳ್ಳಬೇಕು. 23 ಎಂಬ ದರ್ಜೆ 2,300 ಫ್ಯಾರನ್‌ಹೀಟು, ಅಂದರೆ 1,260 ಸೆಲ್ಸಿಯಸ್ ಡಿಗ್ರಿಯದು. ಉರಿ ನೇರ ತಾಗಿದೆಡೆ ಸೋಲುತ್ತದೆ. 26ರ ದರ್ಜೆ 1,400 ಡಿಗ್ರಿ ದಾಟಿ ತಾಳುತ್ತದೆ. ನಾಲ್ಕು ಕಾಸು ಉಳಿಸಲು ಹೋಗಿ 23 ತರಬೇಡಿ. ಒಂಬತ್ತು, ನಾಲ್ಕೂವರೆ, ಮೂರು ಇಂಚಿನ ಇಟ್ಟಿಗೆಯನ್ನು ಅಡಿಗೆ ಮೂರು, ಅಕ್ಕಪಕ್ಕಕ್ಕೆ ಒಂದೊಂದನ್ನು ಮಗ್ಗುಲಾಗಿ, ಮೇಲೆ ಅಡ್ಡಲಾಗಿ ಎರಡು ಇಟ್ಟರೆ ನಡುವೆ ಮೂರು ಲೀಟರಿನ ಚೊಕ್ಕ ಗುಹೆ ಸಿಗುತ್ತದೆ. ಹಿಂದೆ ಮುಂದೆ ಎರಡೆರಡು ಬಿಡಿ ಇಟ್ಟಿಗೆ ಬಾಗಿಲಿಗೆ. ಕೆಲಸಕ್ಕೆ ತಕ್ಕಂತೆ ಬಾಯಿಯನ್ನು ಹಿಗ್ಗಿಸಬಹುದು, ಕುಗ್ಗಿಸಬಹುದು. ಉದ್ದನೆಯ ಸರಳನ್ನು ಹಿಂದಿನ ಕಂಡಿಯಿಂದ ಆಚೆಗೆ ತೂರಿಸಬಹುದು. ಪೂರ್ತಿ ಮುಚ್ಚಕೂಡದು, ಹೊಗೆಗೆ ದಾರಿ ಬೇಕು. ಹಂದರಕ್ಕೆ ನಾಲ್ಕು ಕಬ್ಬಿಣದ ಕೋನಪಟ್ಟಿ. ಬೆಸುಗೆಗೆ ಬಳಸುವ ಬಿಳಿಗಾರ ಕರಗಿ ಸೋರಿದರೆ ಹಗುರ ಇಟ್ಟಿಗೆಯನ್ನು ಸಕ್ಕರೆಗೆ ನೀರು ಬಿದ್ದಂತೆ ತಿಂದುಬಿಡುತ್ತದೆ. ಅದಕ್ಕಾಗಿ ನೆಲದ ಮೇಲೆ ತೆಳ್ಳನೆಯ ಅಲ್ಯುಮಿನಾ ಬಿಲ್ಲೆಯೊಂದನ್ನು ಹಾಸಬೇಕು. ಇಷ್ಟು ಗುಹೆಗೆ ಅರ್ಧ ಇಂಚಿನ ಕೊಳವೆಯ ಒಂದೇ ಬರ್ನರು ಸಾಕು, ಗಂಟೆಗೆ ಅರ್ಧ ಕಿಲೋ ಆಸುಪಾಸಿನ ಖರ್ಚು. ಬರ್ನರನ್ನು ಪಕ್ಕದಿಂದ, ಮಾಡಿನ ಹತ್ತಿರ ಓರೆಯಾಗಿ ಇಟ್ಟರೆ ಉರಿ ಗುಹೆಯಲ್ಲಿ ಸುತ್ತುತ್ತದೆ, ಕಬ್ಬಿಣವನ್ನು ನೇರ ಹೊಡೆದು ಸುಡುವುದಿಲ್ಲ.

ಬ್ಲೋವರಿನ ವಿಷಯದಲ್ಲಿ ಗಿರಣಿಯ ಬಂಧುಗಳು ನಮ್ಮ ಮೇಲೆ ಮುನಿಸಿಕೊಂಡಿದ್ದಾರೆ. ಊದುಗಾಳಿಯಿದ್ದರೆ ಕಡಿಮೆ ಒತ್ತಡದ ಅನಿಲದಲ್ಲೂ ಬಲವಾದ ಉರಿ ಬರುತ್ತದೆ, ಹದ ಕೈಯಲ್ಲಿರುತ್ತದೆ ಎನ್ನುತ್ತಾರೆ. ಅದು ಸತ್ಯವೇ. ಆದರೆ ಕರೆಂಟು ಹೋದ ಕ್ಷಣ ಏನಾಗುತ್ತದೆ? ಗಾಳಿ ನಿಲ್ಲುತ್ತದೆ, ಅನಿಲ ನಿಲ್ಲುವುದಿಲ್ಲ. ಅದು ಗಾಳಿಯ ಕೊಳವೆಯೊಳಗೇ ಹಿಮ್ಮೆಟ್ಟಿ ತುಂಬಿಕೊಳ್ಳುತ್ತದೆ, ಕರೆಂಟು ಬಂದೊಡನೆ ಕಾದ ಗುಹೆಗೆ ನುಗ್ಗುತ್ತದೆ. 1970ರ ದಶಕದ ಲೋಡ್‌ಶೆಡ್ಡಿಂಗನ್ನು ಕಂಡ ಕಲ್ಕತ್ತೆಯ ಹಿರಿಯರಿಗೆ ಕರೆಂಟಿನ ಚಾಳಿ ವಿವರಿಸಬೇಕೇ? ಈಗ ಅಷ್ಟು ಕಾಟವಿಲ್ಲ. ಆದರೆ ಕಾಲಬೈಶಾಖಿಯ ಒಂದು ಬಿರುಗಾಳಿ ಸಾಕು. ಕರೆಂಟು ಹೋದೊಡನೆ ತಾನಾಗಿ ಅನಿಲ ಮುಚ್ಚುವ ವಿದ್ಯುತ್ ಕವಾಟವನ್ನು ಹಾಕುವುದಾದರೆ ಬ್ಲೋವರಿಗೆ ನಮ್ಮ ಅಡ್ಡಿಯಿಲ್ಲ. "ಅದನ್ನು ಆಮೇಲೆ ಹಾಕೋಣ" ಎನ್ನುವುದಾದರೆ ಬ್ಲೋವರನ್ನೂ ಆಮೇಲೆಯೇ ಹಾಕೋಣ.

ಖರ್ಚು ಕಡಿಮೆಯ ಪಂಗಡ ಉಳಿಯಿತು. ಇವರೊಡನೆ ನಮ್ಮ ಜಗಳ ಎಲ್ಲಕ್ಕಿಂತ ಬಿರುಸಾದದ್ದು, ಏಕೆಂದರೆ ಇವರು ಬಡವರ ಹೆಸರಿನಲ್ಲಿ ಮಾತಾಡುತ್ತಾರೆ.

ಮನೆಯ ಸಿಲಿಂಡರು 14.2 ಕಿಲೋದ್ದು, ವ್ಯಾಪಾರದ್ದು 19 ಕಿಲೋದ್ದು. ಮನೆಯದನ್ನು ಬೇರೆ ಕೆಲಸಕ್ಕೆ ಬಳಸಕೂಡದೆಂದು 2000ನೆಯ ಇಸವಿಯ ಅನಿಲ ಸರಬರಾಜು ಆದೇಶ ಹೇಳುತ್ತದೆ. ಕಾನೂನನ್ನು ಒಂದು ಕ್ಷಣ ಬದಿಗಿಡಿ. ಮನೆಯ ರೆಗ್ಯುಲೇಟರು ಕೊಡುವ ಒತ್ತಡ ಸುಮಾರು 30 ಮಿಲಿಬಾರು; ತಾನೇ ಗಾಳಿ ಎಳೆದುಕೊಳ್ಳುವ ಕುಲುಮೆ ಬರ್ನರಿಗೆ ಬೇಕಾದುದು ಅದರ ಹತ್ತು ಪಟ್ಟು, ಇಪ್ಪತ್ತು ಪಟ್ಟು. ಹಾಗಾಗಿ ಮನೆಯ ಸಿಲಿಂಡರು ತಂದವನು ಮಾಡುವ ಮುಂದಿನ ಕೆಲಸ ಆ ರೆಗ್ಯುಲೇಟರನ್ನು ಕಿತ್ತು ಬೇರೇನನ್ನೋ ಸಿಕ್ಕಿಸುವುದು. ಅದರ ಮುಂದಿನದು, ಬೇಗ ಬೇಗ ಅನಿಲ ಎಳೆದು ಸಿಲಿಂಡರಿನ ಮೈ ಹಿಮಗಟ್ಟಿದಾಗ ಅದನ್ನು ಮಗ್ಗುಲಾಗಿ ಮಲಗಿಸುವುದೋ ಬಿಸಿನೀರಿನಲ್ಲಿ ಇಡುವುದೋ. ಮಲಗಿಸಿದ ಸಿಲಿಂಡರಿನಿಂದ ಅನಿಲಕ್ಕೆ ಬದಲು ದ್ರವವೇ ಹೊರಬರುತ್ತದೆ. ಆಮೇಲೆ ಆಗುವುದನ್ನು ಬರೆಯಲು ನಮಗೆ ಮನಸ್ಸಿಲ್ಲ. ಇದೆಲ್ಲ ಉಳಿತಾಯವೇ? ಸಿಕ್ಕಿಬಿದ್ದಾಗ ಜುಲ್ಮಾನೆ ಕಟ್ಟುವವನು, ಸುಟ್ಟುಕೊಂಡಾಗ ಆಸ್ಪತ್ರೆಯಲ್ಲಿ ಮಲಗುವವನು ಸಲಹೆ ಕೊಟ್ಟ ಮಹಾಶಯನಲ್ಲ. ಒಬ್ಬೊಬ್ಬರೇ 19 ಕಿಲೋದ ಸಂಪರ್ಕ ತೆಗೆದುಕೊಳ್ಳಲಾರರೆಂಬುದು ನಿಜ. ಸಂಘ ಇರುವುದು ಅದಕ್ಕಾಗಿಯೇ. ಒಂದು ಸಂಪರ್ಕ, ಒತ್ತಡ ತೋರಿಸುವ ಗಡಿಯಾರವಿರುವ ಒಂದು ರೆಗ್ಯುಲೇಟರು, ಐ.ಎಸ್. 9573ರ ಗುರುತಿರುವ ಒಂದು ರಬ್ಬರು ಕೊಳವೆ ಸಂಘದ ಹೆಸರಿನಲ್ಲಿರಲಿ. ಉರಿಸಿದ ಗಂಟೆಗೆ ಇಷ್ಟೆಂದು ಹುಡುಗರು ಕೊಡಲಿ. ಕೊಳವೆಯ ಸಂದಿಗೆ ಸೋಪುನೀರು ಹಚ್ಚಿ ಗುಳ್ಳೆ ನೋಡುವುದನ್ನು ಹೋಟೆಲಿನವರಿಗೆ ಕಲಿಸಬೇಕಾಗಿಲ್ಲ, ಅವರೇ ಇತರರಿಗೆ ಕಲಿಸಲಿ.

ಅಗ್ಗದ ಹೆಸರಿನಲ್ಲಿ ಇನ್ನೂ ಕೆಲವು ಸಲಹೆಗಳು ಬಂದಿವೆ. ಮರಳಿಗೆ ಪ್ಲಾಸ್ಟರ್ ಆಫ್ ಪ್ಯಾರಿಸ್ ಕಲಸಿ ಒಳಗೆ ಮೆತ್ತುವುದು: ಬಿಳಿಗಾವಿಗೆ ಅದು ಬಿರಿದು ಪುಡಿಯಾಗುತ್ತದೆ, ಗಂಧಕದ ಹೊಗೆಯನ್ನೂ ಬಿಡುತ್ತದೆ. ಮನೆ ಕಟ್ಟುವ ಸಿಮೆಂಟು, ಒದ್ದೆ ಕೆಂಪು ಇಟ್ಟಿಗೆ: ಒಳಗಿನ ನೀರು ಹಬೆಯಾಗಿ ಸಿಡಿಯುತ್ತದೆ. ಸತು ಬಳಿದ ಡ್ರಮ್ಮು, ಸತು ಬಳಿದ ನೀರಿನ ಪೈಪು: ಸತು 907 ಡಿಗ್ರಿಗೆ ಕುದಿಯುತ್ತದೆ, ಅದರ ಬಿಳಿ ಹೊಗೆ ಕುಡಿದವನಿಗೆ ಆ ರಾತ್ರಿಯೇ ಚಳಿಜ್ವರ. ಪೈಪು ಕಪ್ಪು ಕಬ್ಬಿಣದ್ದೇ ಆಗಬೇಕು.

ಚಪ್ಪರದ ಮಾತು. ಒಂದು ಕಿಲೋ ಅನಿಲ ಉರಿಯಲು ಸುಮಾರು 13 ಘನ ಮೀಟರು ಗಾಳಿ ಬೇಕು. ಹತ್ತಡಿ ಉದ್ದ ಅಗಲ ಎತ್ತರದ ಕೋಣೆಯಲ್ಲಿರುವುದೇ 28. ಗಾಳಿ ಸಾಲದ ಉರಿ ಇಂಗಾಲದ ಮೊನಾಕ್ಸೈಡನ್ನು ಕಾರುತ್ತದೆ. ಅದಕ್ಕೆ ವಾಸನೆಯಿಲ್ಲ, ಬಣ್ಣವಿಲ್ಲ. ತಲೆ ನೋಯುತ್ತದೆ, ನಿದ್ದೆ ಬರುತ್ತದೆ, ಏಳುವುದಿಲ್ಲ. ಕಬ್ಬಿಣಕ್ಕೆ ಕಿಟ್ಟ ಕಟ್ಟದಿರಲೆಂದು ಕಮ್ಮಾರರು ಬೇಕೆಂದೇ ಗಾಳಿ ಕಡಿಮೆ ಬಿಟ್ಟು ಉರಿಸುವುದುಂಟು, ಆಗಂತೂ ಈ ವಿಷ ಇನ್ನೂ ಹೆಚ್ಚು. ಆದ್ದರಿಂದ ಗೋಡೆಯಿಲ್ಲದ ಚಪ್ಪರವೇ ಆಗಬೇಕು. ಸೋರಿದ ಅನಿಲ ಗಾಳಿಗಿಂತ ಭಾರವಾದ್ದರಿಂದ ನೆಲ ಹಿಡಿದು ಹರಿಯುತ್ತದೆ; ಸಿಲಿಂಡರನ್ನು ತಗ್ಗಿನಲ್ಲಾಗಲಿ ಮೋರಿಯ ಬದಿಯಲ್ಲಾಗಲಿ ಇಡಕೂಡದು, ಕುಲುಮೆಯಿಂದ ದೂರ, ನೆಟ್ಟಗೆ ನಿಲ್ಲಿಸಬೇಕು. ಚಳಿಗಾಲದ ರಾತ್ರಿ ತಾರ್ಪಾಲು ಇಳಿಬಿಟ್ಟುಕೊಂಡು "ಬೆಚ್ಚಗಿದೆ" ಎಂದು ಕುಳಿತುಕೊಳ್ಳುವ ಜಾಣರನ್ನು ಅಲ್ಲಿಂದ ಎಬ್ಬಿಸುವ ಅಧಿಕಾರ ಯಾರಿಗೆ ಎಂಬುದನ್ನೂ ಮೊದಲೇ ಗೊತ್ತುಮಾಡಬೇಕು.

ಅಲಿಪುರ ಎಂದರೆ ಜನರಿಗೆ ನೆನಪಾಗುವುದು ಮೃಗಾಲಯ, ನ್ಯಾಷನಲ್ ಲೈಬ್ರರಿ, 2022ರಿಂದ ವಸ್ತುಸಂಗ್ರಹಾಲಯವಾಗಿರುವ ಹಳೆಯ ಜೈಲು. ಹಿಂದೆ ಗವರ್ನಮೆಂಟ್ ಟೆಸ್ಟ್ ಹೌಸ್ ಎನಿಸಿಕೊಂಡು ಈಗ ನ್ಯಾಷನಲ್ ಟೆಸ್ಟ್ ಹೌಸ್ ಆಗಿರುವ ಪರೀಕ್ಷಾಲಯದ ಹೆಸರೂ ಅಲಿಪುರದೊಡನೆಯೇ ಬೆಸೆದುಕೊಂಡದ್ದು. 1912ರಲ್ಲಿ ರೈಲ್ವೆಯ ಆಶ್ರಯದಲ್ಲಿ ಹುಟ್ಟಿದ ಈ ಸಂಸ್ಥೆಗೆ ಉಕ್ಕು, ಸಿಮೆಂಟು, ಇಟ್ಟಿಗೆ, ರಬ್ಬರು, ಕೇಬಲ್ಲುಗಳ ಯೋಗ್ಯತೆ ಅಳೆಯುವುದೇ ಉದ್ಯೋಗ. ದೊಡ್ಡ ಕಂಪನಿಗಳಿಗೆ ಅದರ ಬಾಗಿಲು ಗೊತ್ತು. ಗೇಟಿನ ಎದುರಿನ ಗುಡಿಸಲಿನಲ್ಲಿ ಕಬ್ಬಿಣ ಬಡಿಯುವವನಿಗೆ ಗೊತ್ತಿಲ್ಲ, ಯಾರೂ ಅವನ ಭಾಷೆಯಲ್ಲಿ ಹೇಳಲಿಲ್ಲ. ಅಂಗಡಿಯವನು 26 ಎಂದು ಹೇಳಿ 23 ಕೊಟ್ಟರೆ ಕಣ್ಣಿಗೆ ತಿಳಿಯುವುದಿಲ್ಲ. ಸಂಘದ ಪರವಾಗಿ ಒಂದು ಇಟ್ಟಿಗೆಯ ಮಾದರಿಯನ್ನು ಶುಲ್ಕ ಕಟ್ಟಿ ಪರೀಕ್ಷೆಗೆ ಕೊಡಲು ಕೇಳೋಣ. ಆಗದೆಂದರೆ ಏಕೆ ಆಗದೆಂದು ಬರೆದು ಕೊಡಲಿ. ತೆರಿಗೆಯನ್ನು ನಾವೂ ಕೊಡುತ್ತೇವೆ.

"ಮೂರು ಲೀಟರಿನ ಗುಹೆಯಲ್ಲಿ ಗೇಟಿನ ಬಳ್ಳಿ ಹೇಗೆ ಬಗ್ಗಿಸುವಿರಿ?" ಎಂದು ಡ್ರಮ್ಮಿನ ಪಂಗಡದವರು ಕೊನೆಯ ಬಾಣ ಬಿಟ್ಟಿದ್ದಾರೆ. ತುಂಡು ತುಂಡಾಗಿ ಬಗ್ಗಿಸಿ, ರಿವೆಟ್ಟು ಹೊಡೆದು, ಪಟ್ಟಿ ಸುತ್ತಿ ಜೋಡಿಸುತ್ತೇವೆ. ಹಳೆಯ ಕಲ್ಕತ್ತೆಯ ಬಾಲ್ಕನಿಗಳ ಕಟಕಟೆಯಲ್ಲಿ ಆ ಪಟ್ಟಿಗಳನ್ನು ಕಣ್ಣೆತ್ತಿ ನೋಡಬಹುದು. ಅದಕ್ಕೂ ಮೀರಿದ ಕೆಲಸ ಬಂದ ದಿನ ಇಟ್ಟಿಗೆ ಬಿಚ್ಚಿ, ನಾಲ್ಕು ಹೆಚ್ಚಿಗೆ ತಂದು, ಇನ್ನೊಂದು ಬರ್ನರು ಸೇರಿಸಿ ಗುಹೆಯನ್ನು ಉದ್ದ ಮಾಡೋಣ. ಡ್ರಮ್ಮನ್ನು ಚಿಕ್ಕದು ಮಾಡಲು ಬರುವುದಿಲ್ಲ.

ಈಗ ಬೇಕಾಗಿರುವುದು ಹನ್ನೊಂದು ಇಟ್ಟಿಗೆ, ಒಡೆದರೆ ಇರಲೆಂದು ಮೂರು ಹೆಚ್ಚು. ಕೋನಪಟ್ಟಿಯನ್ನು ಗಿರಣಿಯ ಮಿಸ್ತ್ರಿಖಾನೆಯಲ್ಲಿ ಕೆಲಸ ಮಾಡುವ ಬಂಧುಗಳು ಕೊಯ್ದುಕೊಡಲು ಒಪ್ಪಿದರೆ ಕೂಲಿ ಉಳಿಯುತ್ತದೆ. ಪಟ್ಟಿಯನ್ನು ಮಾತ್ರ ಅಂಗಡಿಯಿಂದ ಚೀಟಿ ಸಹಿತ ತರಬೇಕು, ಗಿರಣಿಯ ಗುಜರಿಯಿಂದಲ್ಲ. ಷೆಡ್ಡಿನಲ್ಲಿ ಮಲಗುವವರಿಗೆ ಬೇರೆ ಜಾಗದ ಏರ್ಪಾಡು ಆಗುವವರೆಗೆ ಬೆಂಕಿ ಹಚ್ಚತಕ್ಕದ್ದಲ್ಲ. ಸತು ಬಳಿದ ದೊಡ್ಡ ಡ್ರಮ್ಮನ್ನು ಪುಕ್ಕಟೆ ಕೊಡುತ್ತೇವೆಂದು ಮುಂದೆ ಬಂದಿರುವ ಹೋಟೆಲಿನ ಬಂಧುಗಳಿಗೆ ವಂದನೆ. ಅವರು ಅದನ್ನು ತರಲಿ. ಕಾದ ಕಬ್ಬಿಣ ಅದ್ದಲು ನೀರು ತುಂಬಿಡುವುದಕ್ಕೆ ಅದು ಬೇಕೇಬೇಕು.